ಬೇವಿನ ಕಡ್ಡಿಯೂ ಎಂಜಿನ್ನಿನ ಉಸಿರೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳಿಗ್ಗೆ ಹಲ್ಲುಜ್ಜಿ ಉಳಿದಿದ್ದ ಬೇವಿನ ಕಡ್ಡಿಯ ತುದಿಯನ್ನು ಚಾಕುವಿನಲ್ಲಿ ಹೆರೆದು, ನಮ್ಮ ಮೋಟರ್ ಸೈಕಲ್ಲಿನ ಎಂಜಿನ್ನು ಉಸಿರು ಬಿಡುವ ಪೈಪಿನ ಬಾಯಿಗೆ ತುರುಕಿ, ಕಲ್ಲಿನಿಂದ ನಾಲ್ಕು ಏಟು ಬಡಿದು, ಅದು ಹಾರಿಹೋಗದಿರಲಿ ಎಂದು ಮೇಲೆ ತಾಮ್ರದ ತಂತಿ ಬಿಗಿದವನು ನಾನೇ. ಅದರಲ್ಲಿ ಬೇರೆ ಯಾರ ಕೈವಾಡವೂ ಇರಲಿಲ್ಲ. ನನ್ನ ಪೆದ್ದುತನಗಳನ್ನು ಸಾಲಾಗಿ ಹಾಸಿದರೆ ಉಮ್ಮತ್ತೂರಿನಿಂದ ಗುಂಡ್ಲುಪೇಟೆ ಮುಟ್ಟಿ ಇನ್ನೂ ಮಿಗುತ್ತವೆ. ಆದರೆ ಅವೆಲ್ಲ ಅವಸರದಲ್ಲಿ ಆದವು. ಇಷ್ಟು ನಿಧಾನವಾಗಿ, ಒಂದೂವರೆ ಗಂಟೆ ಕುಕ್ಕರುಗಾಲಲ್ಲಿ ಕೂತು, ಅಳತೆ ನೋಡಿ, ಮುಗಿದ ಮೇಲೆ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು ಮೆಚ್ಚಿಕೊಂಡ ಪೆದ್ದುತನ ಇದೊಂದೇ. ಅದೂ ಯಾವತ್ತು? ನಮ್ಮಕ್ಕ ಕೆಲಸಕ್ಕೆ ಸೇರಲು ಉಳಿದಿದ್ದ ಕಟ್ಟಕಡೆಯ ದಿನ.

ಗಾಡಿಯ ವಿಷಯ ಮೊದಲು ಹೇಳಬೇಕು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾವಿದ್ದ ಚಾಮರಾಜನಗರ ಇನ್ನೂ ಜಿಲ್ಲೆ ಆಗಿರಲಿಲ್ಲ, ನಾನೂ ಇನ್ನೂ ಏನೂ ಆಗಿರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಮೂರು ಸಬ್ಜೆಕ್ಟು ಬಾಕಿ ಉಳಿಸಿಕೊಂಡು ಮನೆಯಲ್ಲಿದ್ದೆ. ಆ ಮೂರರಲ್ಲಿ ಒಂದು ಎಂಜಿನ್ನುಗಳದ್ದೇ ಆಗಿತ್ತು. ಉಮ್ಮತ್ತೂರಿನಲ್ಲಿ ನಮ್ಮ ಸೋದರಮಾವನ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಒಂಟಿ ಸಿಲಿಂಡರಿನ ಮೋಟರ್ ಸೈಕಲ್ಲೊಂದು ರಾಗಿಹುಲ್ಲಿನ ಕೆಳಗೆ ಮಲಗಿತ್ತು. ಅದರ ಸೀಟಿನ ಮೇಲೆ ಕೋಳಿ ಎರಡು ಸಲ ಮರಿ ಮಾಡಿತ್ತು ಎಂದು ಅತ್ತೆ ಹೇಳುತ್ತಿದ್ದರು. ನಾನು ಕೇಳಿದ್ದೇ ತಡ, ಮಾವ ಸಂತೋಷವಾಗಿ ಕೊಟ್ಟುಬಿಟ್ಟ. ಅಷ್ಟು ಸಂತೋಷ ಯಾಕೆ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಬಂದ ಆ ಗಾಡಿಯನ್ನು ಆರು ತಿಂಗಳಲ್ಲಿ ಓಡುವ ಹಾಗೆ ಮಾಡಿದೆ. ಓಡುವ ಹಾಗೆ ಮಾಡಿ ಸುಮ್ಮನಾಗಿದ್ದರೆ ಈ ಕತೆಯೇ ಇಲ್ಲ. ಸಿಲಿಂಡರ್ ಕೊರೆಸಿ ದಪ್ಪ ಪಿಸ್ಟನ್ ಹಾಕಿಸಿದೆ. ಸೈಲೆನ್ಸರಿನ ಕರುಳು ಕಿತ್ತೆ. ಚೆಂದ ಕಾಣಲಿ ಎಂದು ಪಕ್ಕದ ಟೂಲ್ ಬಾಕ್ಸ್ ತೆಗೆದೆ. ತೆಗೆಯುವಾಗ ಅದರ ಹಿಂದೆ ಒಂದು ರಬ್ಬರ್ ಪೈಪು ಸಿಕ್ಕಿತು, ಅದರ ತುದಿಯಲ್ಲಿ ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆಯಾದ ಒಂದು ರಬ್ಬರು. ಊದಿ ನೋಡಿದೆ. ಒಂದು ಕಡೆಯಿಂದ ಗಾಳಿ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಹೋಗುತ್ತಿರಲಿಲ್ಲ. ಅರ್ಧ ಕಟ್ಟಿಕೊಂಡಿದೆ, ಕೆಟ್ಟುಹೋಗಿದೆ ಎಂದು ತೀರ್ಮಾನಿಸಿ ಅದನ್ನು ಚರಂಡಿಗೆ ಎಸೆದೆ. ಅದರ ಜಾಗಕ್ಕೆ ಔಷಧಿ ಹೊಡೆಯುವ ಪಂಪಿನ ಪ್ಲಾಸ್ಟಿಕ್ ಪೈಪಿನ ತುಂಡು ಸಿಕ್ಕಿಸಿ, ಎಡಗಡೆ ಹಿಂದಿನ ಚಕ್ರದ ಹತ್ತಿರ ಬಿಟ್ಟೆ.

ಆ ಪೈಪೇ ಎಂಜಿನ್ನಿನ ಮೂಗು. ಒಳಗೆ ಪಿಸ್ಟನ್ ಕೆಳಕ್ಕೆ ಬಂದಾಗಲೆಲ್ಲ ಅಲ್ಲಿರುವ ಗಾಳಿ ಎಲ್ಲಿಗಾದರೂ ಹೋಗಬೇಕು, ಅದಕ್ಕೊಂದು ದಾರಿ. ಅದು ಉಸಿರು ಬಿಟ್ಟರೆ ಸಾಕಿತ್ತು. ನಮ್ಮದು ಉಸಿರಿನ ಜೊತೆ ಆಯಿಲನ್ನೂ ಬಿಡುತ್ತಿತ್ತು. ನೆಗಡಿಯಾದ ಎಮ್ಮೆಯ ಹಾಗೆ, ಓಡಿದಷ್ಟು ಹೊತ್ತೂ ತುಪುತುಪು ಎಂದು ಕಪ್ಪು ಹನಿ ಉದುರಿಸುತ್ತಿತ್ತು. ನಾನು ನಿಲ್ಲಿಸಿದ ಕಡೆಯೆಲ್ಲ ಒಂದು ರೊಟ್ಟಿಯಗಲದ ಮಚ್ಚೆ. ಅವ್ವ ಬಾಗಿಲ ಮುಂದೆ ರಂಗೋಲಿ ಬಿಡುವ ಜಾಗದಲ್ಲಿ ಸಗಣಿ ಸಾರಿಸಿದರೂ ಆ ಮಚ್ಚೆ ಮರುದಿನ ಮೇಲೆದ್ದು ಬರುತ್ತಿತ್ತು. ಅಪ್ಪ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು, ಸಂಜೆ ನಡೆದು ಮನೆಗೆ ಬರುವವರು. ನಾನು ಆವತ್ತು ಎಲ್ಲೆಲ್ಲಿ ಅಲೆದೆ ಎಂದು ನನ್ನನ್ನು ಕೇಳುವುದನ್ನೇ ಅವರು ನಿಲ್ಲಿಸಿದರು. ರಸ್ತೆ ನೋಡಿಕೊಂಡು ಬಂದು ಅವರೇ ಹೇಳುತ್ತಿದ್ದರು. ಟಾಕೀಸಿನ ಮುಂದೆ ಮೂರು ಗಂಟೆ ನಿಂತಿದ್ದರೆ ಮಚ್ಚೆ ದೊಡ್ಡದಾಗಿರುತ್ತಿತ್ತು, ಲೈಬ್ರರಿಯ ಮುಂದೆ ಮಚ್ಚೆಯೇ ಇರುತ್ತಿರಲಿಲ್ಲ. ನಾನೂ ಸುಮ್ಮನೆ ಕೂರಲಿಲ್ಲ. ಪೈಪಿನ ಬಾಯಿಗೆ ಕೆಮ್ಮಿನ ಔಷಧಿಯ ಬಾಟಲಿ ಕಟ್ಟಿದೆ. ಅದು ಎರಡು ದಿನಕ್ಕೆ ತುಂಬಿ, ಸಂತೇಮರಹಳ್ಳಿ ರಸ್ತೆಯ ಒಂದು ಹಳ್ಳದಲ್ಲಿ ಕಳಚಿ ಬಿತ್ತು. ಆಮೇಲೆ ಹಳೆಯ ಬನಿಯನ್ ಸುತ್ತಿದೆ. ಅದು ನೆನೆದು, ಬಿಸಿಯಾದ ಸೈಲೆನ್ಸರಿಗೆ ತಾಗಿ ಹೊಗೆ ಎದ್ದಿತು. ಹಿಂದೆ ಬರುತ್ತಿದ್ದ ಸೈಕಲ್ಲಿನವರು ಇಳಿದು ಮಣ್ಣು ಎರಚಿದರು. ಗಾಡಿಗೆ ಎರಚಿದ್ದಕ್ಕಿಂತ ನನಗೆ ಎರಚಿದ್ದೇ ಹೆಚ್ಚು.

ಈಗ ಅಕ್ಕನ ವಿಷಯ. ಟಿ.ಸಿ.ಎಚ್. ಎಂಬ ಮೇಷ್ಟ್ರ ತರಬೇತಿ ಮುಗಿಸಿ ನಾಲ್ಕು ವರ್ಷ ಕಾದ ಮೇಲೆ ಅವಳಿಗೆ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರ ಕೆಲಸ ಬಂತು. ನಮ್ಮದು ಬಾಡಿಗೆ ಮನೆಯೆಂದು ಅರ್ಜಿ ಹಾಕುವಾಗ ಉಮ್ಮತ್ತೂರಿನ ವಿಳಾಸ ಕೊಟ್ಟಿದ್ದಳು. ಆರ್ಡರು ಅಲ್ಲಿಗೆ ಹೋಗಿ, ಮಾವನ ಮನೆಯ ಕ್ಯಾಲೆಂಡರಿನ ಹಿಂದೆ ಹನ್ನೆರಡು ದಿನ ಜೋಪಾನವಾಗಿ ಕೂತಿತ್ತು. ಮಾವ ಅದನ್ನು ತಂದುಕೊಟ್ಟಾಗ ಹದಿನೈದು ದಿನದೊಳಗೆ ಗುಂಡ್ಲುಪೇಟೆಯ ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ವರದಿ ಮಾಡಿಕೊಳ್ಳದಿದ್ದರೆ ಆಯ್ಕೆ ರದ್ದು ಎಂಬ ಸಾಲನ್ನು ಅಕ್ಕ ಗಟ್ಟಿಯಾಗಿ ಓದಿದಳು, ಆಮೇಲೆ ಬೆರಳು ಮಡಿಚಿ ಎಣಿಸಿದಳು. ಶುಕ್ರವಾರ ಹದಿನೈದನೇ ದಿನ. ಉಳಿದ ಎರಡು ದಿನ ಸರ್ಟಿಫಿಕೇಟುಗಳ ನಕಲು ತೆಗೆಸುವುದರಲ್ಲಿ, ವೈದ್ಯರ ಸರ್ಟಿಫಿಕೇಟು ಬರೆಸುವುದರಲ್ಲಿ ಹೋದವು. ನಕಲುಗಳ ಮೇಲೆ ಗೆಜೆಟೆಡ್ ಆಫೀಸರ್ ಒಬ್ಬರ ಸಹಿ ಬೇಕಿತ್ತು. ಅವರು ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಸಹಿ, ಸೀಲು ಹಾಕಿಸಿಕೊಂಡು ಅಕ್ಕ ಮನೆಗೆ ಬಂದಾಗ ಹತ್ತೂ ಇಪ್ಪತ್ತು.

ಗುಂಡ್ಲುಪೇಟೆ ಬಸ್ಸು ಹತ್ತೂವರೆಗಿತ್ತು. ಆದರೆ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಆವತ್ತು ರಜೆ ಹಾಕಿದ್ದ ನಮ್ಮಪ್ಪ ಬೇರೆ ಎಲ್ಲ ವಿಷಯದಲ್ಲೂ ಸೌಮ್ಯ ಮನುಷ್ಯ, ಆದರೆ ನಾಲ್ಕು ವರ್ಷ ಕಾದು ಬಂದ ಕೆಲಸಕ್ಕೆ ಮಗಳು ರಾಹುಕಾಲದಲ್ಲಿ ಹೊಸ್ತಿಲು ದಾಟುವುದು ಅವರ ಕೈಲಿ ನೋಡಲಾಗುವ ಮಾತಲ್ಲ. ಅಕ್ಕ ಬಾಗಿಲವರೆಗೂ ಹೋಗಿ, ಅಪ್ಪನ ಮುಖ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಮುಂದಿನ ಬಸ್ಸು ಒಂದು ಗಂಟೆಗೆ. ಅದು ಊರೂರಿಗೂ ನಿಂತು ಗುಂಡ್ಲುಪೇಟೆ ಸೇರುವಾಗ ಮೂರಾಗುತ್ತಿತ್ತು.

ಆಗ ನಾನು ಬಾಯಿ ಬಿಟ್ಟೆ. ಹನ್ನೆರಡಕ್ಕೆ ಹೊರಟರೆ ಒಂದಕ್ಕೆ ಗುಂಡ್ಲುಪೇಟೆಯಲ್ಲಿ ಇಳಿಸುತ್ತೇನೆ, ಬಸ್ಸು ಇಲ್ಲಿ ಹೊರಡುವ ಹೊತ್ತಿಗೆ ಅಕ್ಕ ಅಲ್ಲಿ ಕೆಲಸಕ್ಕೆ ಸೇರಿರುತ್ತಾಳೆ ಎಂದೆ. ಅಪ್ಪ ಗಾಡಿಯ ಕಡೆ ನೋಡಿದರು, ಅದರ ಕೆಳಗಿನ ಮಚ್ಚೆಯ ಕಡೆ ನೋಡಿದರು. ಅಕ್ಕ ಮಾತ್ರ ಒಪ್ಪಿದಳು. ಅವಳಿಗೆ ಬೇಗ ಹೋಗಬೇಕಿತ್ತು ಅಷ್ಟೇ. ಹೊತ್ತು ನೋಡಿಕೊಂಡು ಕೂರುವುದು ಅವಳಿಗೆ ಆಗುತ್ತಿರಲಿಲ್ಲ.

ನನಗೆ ಸಿಕ್ಕಿದ್ದು ಒಂದೂವರೆ ಗಂಟೆ ರಾಹುಕಾಲ. ಆ ಒಂದೂವರೆ ಗಂಟೆಯಲ್ಲಿ ನನಗೆ ಒಂದು ಯೋಚನೆ ಹೊಳೆಯಿತು. ಹೆಂಗಸರು ಗಾಡಿಯಲ್ಲಿ ಎಡಕ್ಕೆ ಕಾಲು ಹಾಕಿ ಕೂರುತ್ತಾರೆ, ನನ್ನ ಪೈಪು ಇರುವುದೂ ಎಡಕ್ಕೆ. ಅಕ್ಕ ಕೆಲಸಕ್ಕೆಂದು ಹೊಸ ಸೀರೆ ಕೊಂಡಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಂಡ್ಲುಪೇಟೆ ಆಫೀಸಿನಲ್ಲಿ ಹೊಸ ಮೇಡಮ್ಮು ಆಯಿಲ್ ಮಚ್ಚೆಯ ಸೀರೆಯಲ್ಲಿ ನಿಂತರೆ ಚೆನ್ನಾಗಿರುವುದಿಲ್ಲ. ಆಯಿಲ್ ಬರುವುದು ಪೈಪಿನಿಂದ, ಆದ್ದರಿಂದ ಪೈಪು ಮುಚ್ಚಿದರೆ ಆಯಿಲ್ ಬರುವುದಿಲ್ಲ. ಡಿಪ್ಲೊಮಾದ ಮೇಷ್ಟ್ರುಗಳು ನನ್ನನ್ನು ಯಾಕೆ ಫೇಲು ಮಾಡಿದರು ಎಂಬುದಕ್ಕೆ ಈ ಒಂದು ವಾಕ್ಯ ಸಾಕು. ಬೇವಿನ ಕಡ್ಡಿ ಕಿವಿಯ ಮೇಲೇ ಇತ್ತು, ಚಾಕು ಅಡುಗೆಮನೆಯಲ್ಲಿತ್ತು, ತಾಮ್ರದ ತಂತಿ ಕೆಟ್ಟ ರೇಡಿಯೋದಲ್ಲಿತ್ತು.

ಹನ್ನೆರಡು ಹೊಡೆದು ಎರಡು ನಿಮಿಷಕ್ಕೆ ಅವ್ವ ಚಕ್ರದ ಮುಂದೆ ನೀರು ಚಿಮುಕಿಸಿದಳು. ಹೊರಟೆವು. ಅಕ್ಕ ಮಡಿಲಲ್ಲಿ ಕೈಚೀಲ ಹಿಡಿದು ಕೂತಿದ್ದಳು. ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರೊಳಗೆ ಇಟ್ಟಿದ್ದಳು. ಎರಡು ಕಡೆಯೂ ಅರಿಶಿನ, ಸೂರ್ಯಕಾಂತಿ, ನಡುನಡುವೆ ಚೆಂಡುಹೂವಿನ ಹೊಲಗಳು. ಬಿಸಿಲಿತ್ತು, ಗಾಳಿಯೂ ಇತ್ತು. ನಾನು ಆಗಾಗ ಬಗ್ಗಿ ಎಡಗಡೆ ನೋಡುತ್ತಿದ್ದೆ. ಒಂದು ಹನಿ ಇಲ್ಲ. ಓಡಲು ಶುರುವಾದಾಗಿನಿಂದ ಮೊದಲ ಸಲ ನನ್ನ ಗಾಡಿ ರಸ್ತೆಯ ಮೇಲೆ ಗುರುತು ಬಿಡದೆ ಓಡುತ್ತಿತ್ತು. ಹೆಮ್ಮೆಗೆ ಹಾಡು ಬಂತು. ಅಕ್ಕ ಹಾಡು ನಿಲ್ಲಿಸಲು ಹೇಳಿದಳು, ಜೊತೆಗೆ ಗಾಡಿಯಿಂದ ಏನೋ ಸಿಳ್ಳೆ ಕೇಳುತ್ತಿದೆ ಎಂದಳು. ಅದು ನನ್ನದೇ ಸಿಳ್ಳೆ ಎಂದು ಸುಳ್ಳು ಹೇಳಿದೆ. ಅದು ಎಂಜಿನ್ನಿನದೇ ಎಂದು ನನಗೂ ಅನುಮಾನ ಬಂದಿತ್ತು.

ತೆರಕಣಾಂಬಿಗೆ ಇನ್ನು ನಾಲ್ಕು ಕಿಲೋಮೀಟರ್ ಇರುವಾಗ, ಒಂದು ಏರಿನಲ್ಲಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ಠಪ್ ಎಂದು ಹಾರಿತು. ಅದು ನನ್ನ ಮೊಣಕಾಲಿಗೆ ಬಡಿದು, ಮೇಲಕ್ಕೆದ್ದು, ಅರಿಶಿನದ ಹೊಲಕ್ಕೆ ಹೋಗಿ ಬಿತ್ತು. ಇನ್ನೂ ಸಿಕ್ಕಿಲ್ಲ. ಅದರ ಹಿಂದೆಯೇ ಬಿಸಿ ಆಯಿಲ್ ಕಾರಂಜಿ. ಮೂಗು ಮುಚ್ಚಿದರೆ ಬಾಯಲ್ಲಿ ಬಂತು, ಬಾಯಿಯ ಜೊತೆಗೆ ಕಿವಿಯಲ್ಲೂ ಬಂತು. ಎಂಜಿನ್ನಿನ ತಲೆಯ ಕವರಿನ ಸಂದಿಯಿಂದ, ಗೇರ್ ಬಾಕ್ಸಿನ ಪಕ್ಕದಿಂದ, ಎಲ್ಲಿ ಸಂದಿ ಇತ್ತೋ ಅಲ್ಲಿಂದೆಲ್ಲ. ಗಾಡಿ ನಿಲ್ಲಿಸಿ ಇಳಿದು ನೋಡಿದರೆ ನನ್ನ ಪ್ಯಾಂಟು ಒಂದು ಕಾಲು ಬಿಳಿ, ಒಂದು ಕಾಲು ಕಪ್ಪು. ಅಕ್ಕನ ಸೀರೆ ಮೊಣಕಾಲಿನಿಂದ ಕೆಳಗೆ ಪೂರ್ತಿ ಹೋಗಿತ್ತು. ಆ ಗೊಂದಲದಲ್ಲೂ ಕೈಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

ನಾನು ಅಳುವ ಸ್ಥಿತಿಯಲ್ಲಿದ್ದೆ. ಸೀರೆ ಉಳಿಸಲು ಅಂತಲೇ ಇಷ್ಟೆಲ್ಲ ಮಾಡಿದೆ ಎಂದು ಕಡ್ಡಿಯ ಕತೆಯನ್ನು ಅಲ್ಲೇ ಒಪ್ಪಿಸಿದೆ. ಅಕ್ಕ ಬಗ್ಗಿ ಪೈಪು ನೋಡಿದಳು, ತಂತಿ ನೋಡಿದಳು, ನನ್ನ ಮುಖ ನೋಡಿದಳು.

“ಇದು ಅಳೇ ಸೀರೆ ಕಣ್ಲಾ. ಒಸದು ಬ್ಯಾಗೊಳಗದೆ. ನಿನ್ ಗಾಡೀಲಿ ಒಸ ಸೀರೆ ಉಟ್ಕಂಡು ಬರಕೆ ನಂಗೇನು ಉಚ್ಚಾ?”

ಅಕ್ಕ ಮೂರು ವರ್ಷದಿಂದ ಉಡುತ್ತಿದ್ದ ಸೀರೆಯನ್ನು ಹೊಸದೆಂದು ತಿಳಿದು ಅದರ ರಕ್ಷಣೆಗೆ ನಾನು ಎಂಜಿನ್ನಿನ ಕತ್ತು ಹಿಸುಕಿದ್ದೆ. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ತಪ್ಪು. ನಾನು ಇನ್ನೊಂದನ್ನು ಸೇರಿಸಿದೆ. ಕಡ್ಡಿ ಕಿತ್ತು, ತಲೆ ಕೆರೆದುಕೊಂಡು, ಒಂದು ಚಿಂದಿಯನ್ನು ಮುಚ್ಚಳದ ಜಾಗಕ್ಕೆ ಗಿಡಿದು ಕಿಕ್ ಹೊಡೆಯುತ್ತ ಕೂತೆ. ಕಡ್ಡಿಯ ಅರ್ಧ ಪೈಪಿನೊಳಗೇ ಮುರಿದು ಉಳಿದಿತ್ತು. ಎಂಜಿನ್ನು ಕೆಮ್ಮಿತು, ಹೊಗೆ ಉಗುಳಿತು, ಸುಮ್ಮನಾಯಿತು. ಹೀಗೆ ಎಷ್ಟು ಹೊತ್ತು ಹೋಯಿತೋ, ಒಂದು ಗಂಟೆಗೆ ಚಾಮರಾಜನಗರ ಬಿಟ್ಟ ಬಸ್ಸು ಏರು ಹತ್ತಿ ಬಂತು. ಅಕ್ಕ ಕೈ ಎತ್ತಲು ಹೋದಳು. ನಾನು ತಡೆದೆ. ಐದೇ ನಿಮಿಷ, ಈಗ ಸ್ಟಾರ್ಟ್ ಆಗುತ್ತದೆ, ಬಸ್ಸಿಗಿಂತ ಮುಂಚೆ ಹೋಗೋಣ ಎಂದೆ. ಡ್ರೈವರು ನಿಧಾನ ಮಾಡಿ ನಮ್ಮನ್ನು ನೋಡಿದ, ಎತ್ತಿದ ಕೈ ಇಳಿದದ್ದು ಕಂಡು ಹೊರಟುಹೋದ. ಬಸ್ಸಿನ ಧೂಳು ಕೂತ ಮೇಲೂ ಅಕ್ಕ ಆ ಕಡೆಯೇ ನೋಡುತ್ತಿದ್ದಳು.

ನಾಲ್ಕು ಕಿಲೋಮೀಟರ್ ತಳ್ಳಿದೆವು. ನಾನು ಮುಂದೆ ಹ್ಯಾಂಡಲ್ ಹಿಡಿದು, ಅಕ್ಕ ಹಿಂದೆ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಕೈಚೀಲ. ತೆರಕಣಾಂಬಿ ತಲುಪಿದಾಗ ಎರಡೂ ಮುಕ್ಕಾಲು. ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರು ನಮ್ಮನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದರು. ಅವರಲ್ಲೊಬ್ಬ, ಎಣ್ಣೆ ಗಾಣ ಎಲ್ಲಿ ಹಾಕಿದ್ದೀರಿ ಎಂದು ಕೇಳಿದ. ಇನ್ನೊಬ್ಬ, ಅದು ಹುಚ್ಚೆಳ್ಳೋ ಹರಳೋ ಎಂದು ಬಣ್ಣ ಪರೀಕ್ಷಿಸಿದ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಅಕ್ಕ ಕೇಳಿದಾಗ ಮಾತ್ರ ಎಲ್ಲರೂ ನಗು ನಿಲ್ಲಿಸಿ ಯೋಚಿಸಿದರು. ನಾಲ್ಕೂವರೆಗೆ ಒಂದಿದೆ, ಆದರೆ ಬಂದರೆ ಬಂತು ಎಂದರು.

ಪಕ್ಕದಲ್ಲೇ ನೀರಿನ ಪಂಪುಸೆಟ್ಟಿನ ಡೀಸೆಲ್ ಎಂಜಿನ್ನುಗಳನ್ನು ರಿಪೇರಿ ಮಾಡುವ ಒಬ್ಬ ಮುದುಕರ ಅಂಗಡಿಯಿತ್ತು. ಊಟ ಮುಗಿಸಿ ಆಗತಾನೆ ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಏನನ್ನೂ ಕೇಳದೆ ಒಂದು ಸುತ್ತು ಬಂದರು. ಮೂಗಿನ ಪೈಪು ಬಿಚ್ಚಿದರು, ಒಳಗೆ ಮುರಿದಿದ್ದ ಕಡ್ಡಿಯನ್ನು ತಂತಿಯಿಂದ ಎಳೆದರು, ಬಿಸಿಲಿಗೆ ಹಿಡಿದು ನೋಡಿದರು. ಹೆರೆದ ತುದಿಯ ಒಂದು ಬದಿಯಲ್ಲಿ ನನ್ನ ಹಲ್ಲಿನ ಗುರುತು ಇನ್ನೂ ಇತ್ತು.

“ಯಾರಪ್ಪ ಇದರಲ್ಲಿ ಅಲ್ಲುಜ್ಜಿದೋನು?”

ನಾನು ಕೈ ಎತ್ತಿದೆ, ಕ್ಲಾಸಿನಲ್ಲಿ ಎತ್ತುವ ಹಾಗೆ. ಟೀ ಅಂಗಡಿಯ ಬೆಂಚು ಅಷ್ಟೊತ್ತಿಗೆ ಪೂರ್ತಿ ಇಲ್ಲಿಗೇ ವರ್ಗವಾಗಿತ್ತು.

ಮುದುಕರು ಒಂದು ಗಂಟೆಯ ಕೆಲಸ ಎಂದರು. ಆಯಿಲ್ ಹಾಕಬೇಕು, ಮುಚ್ಚಳಕ್ಕೆ ಏನಾದರೂ ಹೊಂದಿಸಬೇಕು, ಸೋರುವ ಸಂದಿಗಳಿಗೆ ಪ್ಯಾಕಿಂಗು ಕತ್ತರಿಸಬೇಕು. ನಾನು ಅಕ್ಕನ ಕಡೆ ತಿರುಗಿ ನಾಲ್ಕಕ್ಕೆ ಹೊರಟರೂ ನಾಲ್ಕೂವರೆಗೆ ಅಲ್ಲಿರಬಹುದು ಎಂದು ಲೆಕ್ಕ ಹೇಳಲು ಶುರು ಮಾಡಿದೆ. ಮಾತು ಮುಗಿಯುವಷ್ಟರಲ್ಲಿ ಅಕ್ಕ ಅಲ್ಲಿರಲಿಲ್ಲ. ರಸ್ತೆಯ ಆಚೆ ಚೆಂಡುಹೂವಿನ ಮೂಟೆಗಳನ್ನು ಹೇರಿಕೊಂಡು ಕೇರಳದ ಕಡೆಗೆ ಹೊರಟಿದ್ದ ಒಂದು ಟೆಂಪೋ ಟೀಗೆ ನಿಂತಿತ್ತು. ಅದರ ಡ್ರೈವರು ಕನ್ನಡವನ್ನು ಮಲಯಾಳದ ರಾಗದಲ್ಲಿ ಆಡುವವನು. ಅವನ ಹತ್ತಿರ ಅಕ್ಕ ಆರ್ಡರಿನ ಕಾಗದ ತೋರಿಸಿಕೊಂಡು ಮಾತಾಡುತ್ತಿದ್ದಳು. ಅವನು ಕೈಯಲ್ಲಿದ್ದ ಟೀಯನ್ನು ಒಂದೇ ಸಲಕ್ಕೆ ಸುರಿದುಕೊಂಡ. ನಾನು ಓಡಿದೆ. ಒಬ್ಬಳೇ ಹೋಗುವುದು ಬೇಡ, ನಾನೂ ಬರುತ್ತೇನೆ ಎಂದೆ. ಮುಂದಿನ ಸೀಟಿನಲ್ಲಿ ಡ್ರೈವರನ ಹೆಂಡತಿ ಕೂತಿದ್ದಳು, ಇನ್ನೊಬ್ಬರಿಗೆ ಮಾತ್ರ ಜಾಗವಿತ್ತು.

“ನೀನು ಗಾಡಿ ಸರಿ ಮಾಡಿಸ್ಕಂಡು ಬಾ. ನಾನು ಓಯ್ತೀನಿ.”

ಅಷ್ಟೇ ಹೇಳಿದ್ದು. ಟೆಂಪೋ ಹೊರಟಿತು. ಹಿಂದೆ ಹಳದಿ ಮೂಟೆಗಳು, ಮುಂದೆ ಮೂರು ತಲೆ ಮತ್ತು ಒಂದು ಕೈಚೀಲ.

ಆಮೇಲಿನ ಒಂದು ಗಂಟೆ ನಾನು ಆ ಅಂಗಡಿಯ ಮುಂದೆ ತಲೆ ತಗ್ಗಿಸಿ ಕೂತು ಪಾಠ ಕೇಳಿದೆ. ಕಾಲೇಜಿನಲ್ಲಿ ಹೀಗೆ ಕೂತಿದ್ದರೆ ಮೂರೂ ಸಬ್ಜೆಕ್ಟು ಪಾಸಾಗುತ್ತಿದ್ದವು. ಮುದುಕರು ಕೆಲಸ ಮಾಡುತ್ತಲೇ ಹೇಳಿದರು. ನಾನು ಚರಂಡಿಗೆ ಎಸೆದ ಕೊಕ್ಕಿನ ರಬ್ಬರು ಕೆಟ್ಟಿರಲಿಲ್ಲವಂತೆ, ಅದರ ಕೆಲಸವೇ ಅದಂತೆ. ಒಳಗಿನ ಗಾಳಿಯನ್ನು ಹೊರಗೆ ಬಿಡುವುದು, ಹೊರಗಿನದನ್ನು ಒಳಗೆ ಬಿಡದಿರುವುದು. ಅದಿದ್ದರೆ ಒಳಗೆ ಗಾಳಿ ಕಡಿಮೆಯಾಗಿ ಆಯಿಲ್ ತಣ್ಣಗೆ ಕೂತಿರುತ್ತದೆ. ಅದಿಲ್ಲದೆ ಬರೀ ತೂತು ಬಿಟ್ಟರೆ ಗಾಳಿ ಒಳಗೂ ಹೊರಗೂ ಓಡಾಡಿ ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ಎತ್ತಿಕೊಂಡು ಬರುತ್ತದೆ. ದಪ್ಪ ಪಿಸ್ಟನ್ ಹಾಕಿಸಿದವನು ಮೂಗನ್ನೂ ದಪ್ಪ ಮಾಡಬೇಕಿತ್ತು, ನಾನು ಅದನ್ನು ಸಣ್ಣ ಮಾಡಿದ್ದೆ. ಸಾಲದು ಅಂತ ಆವತ್ತು ಮುಚ್ಚಿಯೇ ಬಿಟ್ಟಿದ್ದೆ. ಉಬ್ಬಸದವನ ಮೂಗು ಹಿಡಿದು ಬೆಟ್ಟ ಹತ್ತಿಸಿದ್ದೀಯ ಎಂದರು.

ದಪ್ಪನೆಯ ರಬ್ಬರ್ ಪೈಪು ಹುಡುಕಿ ಹಾಕಿದರು. ಅದನ್ನು ನನ್ನ ಹಾಗೆ ಕೆಳಕ್ಕೆ ಬಿಡಲಿಲ್ಲ. ಮೊದಲು ಸೀಟಿನ ಕೆಳಗೆ ಎತ್ತರಕ್ಕೆ ಒಯ್ದರು, ಮೇಲೇರಲಾರದ ಆಯಿಲ್ ವಾಪಸ್ಸು ಎಂಜಿನ್ನಿಗೇ ಜಾರಲಿ ಎಂದು. ಆಮೇಲೆ ಹಿಂದಕ್ಕೆ ಇಳಿಸಿ, ತುದಿಗೆ ಸೈಕಲ್ ಟ್ಯೂಬಿನ ಮೂರು ಬೆರಳುದ್ದದ ತುಂಡನ್ನು ಹಾಕಿ ದಾರ ಸುತ್ತಿದರು. ಟ್ಯೂಬಿನ ಕೊನೆ ಚಪ್ಪಟೆಯಾಗಿ ತುಟಿಯ ಹಾಗೆ ಕೂಡಿಕೊಂಡಿತ್ತು. ಅದರ ಬಾಯಿಗೆ ಕೊಬ್ಬರಿ ಎಣ್ಣೆಯ ಚಿಕ್ಕ ಡಬ್ಬಿ, ಅದರ ಕುತ್ತಿಗೆಯಲ್ಲಿ ಗಾಳಿ ಹೋಗಲು ಎರಡು ತೂತು. ವಾರಕ್ಕೊಮ್ಮೆ ಬಿಚ್ಚಿ ಚೆಲ್ಲು ಎಂದರು. ಮುಚ್ಚಳದ ಜಾಗಕ್ಕೆ ಪಂಪುಸೆಟ್ಟಿನ ಮುಚ್ಚಳವೊಂದು ಹೊಂದಿತು. ಕಿಕ್ ಹೊಡೆದಾಗ ಆ ರಬ್ಬರಿನ ತುಟಿ ಪುಸು ಪುಸು ಎಂದು ಬಿಚ್ಚಿಕೊಂಡು ಮುಚ್ಚಿಕೊಂಡಿತು. ಎಷ್ಟೋ ಹೊತ್ತು ಅದನ್ನೇ ನೋಡಿದೆ. ಹಟಮಾರಿ ಮಗು ನಿದ್ದೆ ಹೋದ ಹಾಗಿತ್ತು.

ಗುಂಡ್ಲುಪೇಟೆಗೆ ನಿಧಾನವಾಗಿ ಹೋಗಬೇಕಾಯಿತು, ಮುದುಕರ ಆಜ್ಞೆ. ಗಾಡಿ ಸೊಗಸಾಗಿ ಓಡುತ್ತಿತ್ತು. ಟೆಂಪೋ ಎಲ್ಲಾದರೂ ನಿಂತಿದ್ದರೆ? ಆಫೀಸರು ಮೀಟಿಂಗಿಗೆ ಹೋಗಿದ್ದರೆ? ನಾಲ್ಕು ವರ್ಷ ಅಕ್ಕ ಬೀದಿಯ ಮಕ್ಕಳಿಗೆ ಜಗಲಿಯ ಮೇಲೆ ಪಾಠ ಹೇಳಿಕೊಂಡು ಈ ಆರ್ಡರಿನ ದಾರಿ ನೋಡಿದ್ದಳು. ಆ ನಾಲ್ಕು ವರ್ಷಕ್ಕೆ ಒಂದು ಬೇವಿನ ಕಡ್ಡಿ ಅಡ್ಡ ಬಂದರೆ ನಾನು ಮನೆಗೆ ಹೋಗುವುದಾದರೂ ಹೇಗೆ? ಹಾಡು ಬರಲಿಲ್ಲ.

ಆಫೀಸಿನ ಮುಂದೆ ನಿಲ್ಲಿಸಿದಾಗ ಐದೂ ಹತ್ತು. ಬಾಗಿಲು ಅರ್ಧ ಹಾಕಿತ್ತು, ಜವಾನ ಫ್ಯಾನು ಆರಿಸುತ್ತಿದ್ದ. ಆಫೀಸರು ಇದ್ದಾರಾ ಎಂದೆ. ಹೋದರು ಎಂದ. ಅವನು ನನ್ನ ಪ್ಯಾಂಟಿನ ಎರಡು ಬಣ್ಣ ನೋಡಿ, ಹೊರಗಡೆ ಹೊಂಗೆ ಮರದ ಕಡೆ ಬೆರಳು ತೋರಿಸಿದ. ಅದರ ಕೆಳಗಿನ ಕಲ್ಲಿನ ಮೇಲೆ ಅಕ್ಕ ಕೂತಿದ್ದಳು. ಹೊಸದನ್ನು ಉಡಲು ಹೊತ್ತೇ ಸಿಗದೆ ಆಯಿಲ್ ಸೀರೆಯಲ್ಲೇ ಇದ್ದಳು, ತಲೆಯ ತುಂಬ ಚೆಂಡುಹೂವಿನ ಎಸಳು. ಒಂದು ಪೊಟ್ಟಣ ಕಡ್ಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದಳು.

ನಾನು ಕೇಳುವ ಮೊದಲೇ ಕಾಗದ ಚಾಚಿದಳು. ಕೆಲಸಕ್ಕೆ ಹಾಜರಾದ ವರದಿಯ ನಕಲು, ಕೆಳಗೆ ಸಹಿ, ಸೀಲು. ದಿನಾಂಕದ ಮುಂದೆ ‘ಅಪರಾಹ್ನ’ ಎಂದು ಬರೆದಿತ್ತು. ಅಂಚಿನಲ್ಲಿ ಒಂದು ಕಪ್ಪು ಹೆಬ್ಬೆರಳ ಗುರುತು. ಸಹಿ ಹಾಕುವಾಗ ಅದನ್ನು ನೋಡಿ ಆಫೀಸರು, ಮೇಡಂ ಹೆಬ್ಬೆಟ್ಟು ಒತ್ತುವವರಾ ಎಂದು ನಕ್ಕರಂತೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳು ಉಳಿದ ಕಡ್ಲೆಕಾಯಿಯನ್ನು ನನ್ನ ಕೈಗೆ ಸುರಿದಳು.

ಅಲ್ಲಿ ಏನಾಯಿತು ಎಂದು ಆವತ್ತು ಹೆಚ್ಚು ಹೇಳಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಅವ್ವನಿಗೂ ಎಲ್ಲ ಸಲೀಸಾಗಿ ಆಯಿತು ಎಂದಷ್ಟೇ ಹೇಳಿದಳು, ಹಿತ್ತಲ ಬಾಗಿಲಿಂದ ಹೋಗಿ ಸೀರೆಯನ್ನು ಯಾರೂ ನೋಡುವ ಮೊದಲೇ ಸೀಮೆಎಣ್ಣೆಯಲ್ಲಿ ನೆನೆಹಾಕಿದಳು. ನನ್ನ ಕಡ್ಡಿಯ ಕತೆ ಹೊರಗೆ ಬರಲಿಲ್ಲ. ಸೋಮವಾರದಿಂದ ಬಸ್ಸಿನಲ್ಲಿ ಶಾಲೆಗೆ ಹೋಗತೊಡಗಿದಳು. ನನ್ನ ಗಾಡಿ ಮಚ್ಚೆ ಬಿಡುವುದು ನಿಂತಿದ್ದಕ್ಕೆ ಅಪ್ಪನಿಗೆ ಒಳಗೊಳಗೇ ಬೇಸರವಾಯಿತೇನೋ. ನಾನು ಎಲ್ಲಿ ಹೋಗಿದ್ದೆ ಎಂದು ಮತ್ತೆ ಬಾಯಿಬಿಟ್ಟು ಕೇಳಬೇಕಾಗಿ ಬಂತು.

ಒಂದು ತಿಂಗಳಾದ ಮೇಲೆ, ಭಾನುವಾರ ಮಧ್ಯಾಹ್ನ, ನಾನು ಹಿತ್ತಲಲ್ಲಿ ಡಬ್ಬಿ ಬಿಚ್ಚಿ ವಾರದ ಆಯಿಲ್ ಚೆಲ್ಲುತ್ತಿದ್ದೆ. ಅಕ್ಕ ಒಗೆಯುವ ಕಲ್ಲಿನ ಮೇಲೆ ಕೂತು ಮಕ್ಕಳ ಸ್ಲೇಟಿಗೆ ಬಳಪ ಎಣಿಸುತ್ತಿದ್ದಳು. ಆವತ್ತು ಬಸ್ಸಿಗೆ ಕೈ ಎತ್ತಿದಾಗ ತಡೆದಿದ್ದಕ್ಕೆ ನಾನು ಕ್ಷಮೆ ಕೇಳಿರಲಿಲ್ಲ. ಕೇಳಬೇಕೆಂದು ದಿನಾ ಅಂದುಕೊಂಡು ದಿನಾ ಒಂದು ತಮಾಷೆ ಮಾಡಿ ಎದ್ದು ಹೋಗುತ್ತಿದ್ದೆ. ಅವತ್ತು ಹೇಗೋ ಕೇಳಿದೆ. ಅಕ್ಕ ಬಳಪ ಪಕ್ಕಕ್ಕಿಟ್ಟು, ಆಫೀಸಿನಲ್ಲಿ ನಡೆದದ್ದನ್ನು ಹೇಳಿದಳು. ಟೆಂಪೋ ದಾರಿಯಲ್ಲಿ ಇನ್ನೊಂದು ಹೊಲದ ಹೂವು ಹೇರಲು ನಿಂತು, ಅವಳು ಆಫೀಸು ಮುಟ್ಟುವಾಗ ನಾಲ್ಕೂವರೆ ದಾಟಿತ್ತಂತೆ, ಆಫೀಸರು ಹೊರಟು ಜೀಪು ಹತ್ತುತ್ತಿದ್ದರಂತೆ. ಹೊತ್ತಾಯಿತು, ಸೋಮವಾರ ಬನ್ನಿ, ಸೇರಿಸಿಕೊಳ್ಳೋಣ ಎಂದು ಗುಮಾಸ್ತರು ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. ಇವಳು ಆಯಿಲ್ ಸೀರೆಯಲ್ಲಿ ಜೀಪಿನ ಮುಂದೆ ಹೋಗಿ ನಿಂತು, ಆರ್ಡರಿನಲ್ಲಿ ಇವತ್ತೇ ಕೊನೇ ದಿನ ಎಂದಿದೆ, ಐದೂವರೆಯವರೆಗೂ ಇವತ್ತೇ, ಬೆಳಿಗ್ಗೆ ಅಂತ ಬೇಡ ಮಧ್ಯಾಹ್ನ ಅಂತಲೇ ಬರೆದುಕೊಳ್ಳಿ ಎಂದಳಂತೆ. ಆಫೀಸರು ಜೀಪಿನಿಂದ ಇಳಿದು, ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರಂತೆ.

ನಮ್ಮಕ್ಕ ಮನೆಗೆ ಬಂದ ನೆಂಟರ ಎದುರಿಗೂ ಬಾಗಿಲ ಸಂದಿಯಿಂದ ಮಾತಾಡುವವಳು. ನಾನು ಡಬ್ಬಿ ಹಿಡಿದುಕೊಂಡೇ ಅವಳ ಮುಖ ನೋಡಿದೆ. ಅವಳು ಬಳಪಗಳನ್ನು ಮತ್ತೆ ಮೊದಲಿಂದ ಎಣಿಸಲು ತೆಗೆದುಕೊಂಡು ಹೇಳಿದಳು:

“ನಿನ್ ಗಾಡಿ ಸರ್ಯಾಗಿ ಓಡಿದ್ರೆ ನೀನೇ ಮುಂದೆ ನಿಂತ್ಕಂಡು ಮಾತಾಡ್ತಿದ್ದೆ. ಅವ್ರು ಏನಾರ ನೆಪ ಮಾಡಿ ಸೋಮವಾರ ಬನ್ನಿ ಅಂದಿದ್ರೆ ಊಂ ಸಾರ್ ಅಂತ ತಲೆ ಅಲ್ಲಾಡ್ಸಿ ನನ್ನ ವಾಪಸ್ ಕರ್ಕಂಡು ಬತ್ತಿದ್ದೆ. ನಾನೂ ಬಾಯ್ಮುಚ್ಕಂಡು ಬತ್ತಿದ್ದೆ ಕಣ್ಲಾ.”